ನಿಧಿಯ ಜಾಡು

ಸೇಡಂ, ಚಿತ್ತಾಪುರ, ಚಿಂಚೋಳಿಗಳ ಸುತ್ತಿನ ಸೀಮೆಯಲ್ಲಿ ನಿಧಿಯ ಕಥೆಯಿಲ್ಲದ ಊರು ವಿರಳ. ಹಾಳುಬಿದ್ದ ಕೋಟೆ, ಶಿಖರ ಕಳಚಿದ ಗುಡಿ, ಹೂಳು ತುಂಬಿದ ಬಾವಿ, ಇವುಗಳಲ್ಲಿ ಒಂದಾದರೂ ಊರ ಬಳಿ ಇದ್ದರೆ ಅದರ ಅಡಿಯಲ್ಲಿ ಏಳು ಕೊಪ್ಪರಿಗೆ ಹೊನ್ನು ಹೂತಿದೆಯೆಂದೂ ಅದನ್ನು ಸರ್ಪವೊಂದು ಕಾಯುತ್ತಿದೆಯೆಂದೂ ಹೇಳುವ ಹಿರಿಯರು ಇದ್ದೇ ಇರುತ್ತಾರೆ. ಕಥೆಯಾಗಿ ಕೇಳಲು ಇದು ಸೊಗಸೇ. ಆದರೆ ಕಥೆಯನ್ನು ನಂಬಿ ಅಮಾವಾಸ್ಯೆಯ ರಾತ್ರಿ ಹಾರೆ ಗುದ್ದಲಿ ಹಿಡಿದು ಹೊರಡುವವರೂ ನಮ್ಮ ನಾಡಿನಲ್ಲಿ ಉಂಟು. ಅಂಜನ ಹಾಕಿಸಿ ನೋಡಿ, ಲಿಂಗವನ್ನು ಕಿತ್ತು, ನಂದಿಯನ್ನು ಒಡೆದು, ಗರ್ಭಗುಡಿಯ ನೆಲವನ್ನು ಅಗೆದು, ಕೊನೆಗೆ ಬರಿಗೈಯಲ್ಲಿ ಮರಳುವ ಈ ಜನರಿಂದ ಕನ್ನಡ ನಾಡಿನ ಎಷ್ಟೋ ದೇಗುಲಗಳು ಭಗ್ನವಾಗಿವೆ.

ಇಂಥವರನ್ನು ದಾರಿ ತಪ್ಪಿಸುವುದು ಅನೇಕ ವೇಳೆ ಒಂದು ಶಾಸನದ ಕಲ್ಲು. ಶಿಲಾಶಾಸನಗಳ ನೆತ್ತಿಯ ಮೇಲೆ ಸೂರ್ಯಚಂದ್ರರನ್ನೂ ಕರುವಿಗೆ ಹಾಲೂಡುತ್ತಿರುವ ಹಸುವನ್ನೂ ಕೊರೆದಿರುವುದನ್ನು ನೀವು ನೋಡಿರಬಹುದು. ಸೂರ್ಯಚಂದ್ರರಿರುವವರೆಗೆ ಈ ದಾನ ನಡೆದುಬರಲಿ ಎಂಬುದು ಆ ಚಿತ್ರದ ಅರ್ಥ. ಅಕ್ಷರ ಓದಲಾರದವನ ಕಣ್ಣಿಗೆ ಅದು ನಿಧಿಯ ಗುರುತಾಗಿ ತೋರುತ್ತದೆ. ಹೊಲವೊಂದನ್ನು ದೇವರ ದೀಪಕ್ಕೆ ಬಿಟ್ಟ ಸಂಗತಿಯನ್ನು ಹೇಳುತ್ತ ನಿಂತ ಕಲ್ಲನ್ನು ಅವನು ಉರುಳಿಸಿ ಅದರ ಬುಡವನ್ನು ಶೋಧಿಸುತ್ತಾನೆ! ಜಾಡು ಅವನ ಎದುರಿಗೇ ಇತ್ತು. ಅವನು ಅದನ್ನು ಓದಲಿಲ್ಲ.

ಹಾಗಾದರೆ ನಿಧಿಯನ್ನು ಹುಡುಕುವುದೇ ತಪ್ಪೆ? ಹಾಗೇನೂ ಇಲ್ಲ. ಹಿಂದಿನವರು ಬರೆದಿಟ್ಟ ಮಾತನ್ನು ಜಾಡಾಗಿ ಹಿಡಿದು ಹೊರಟು ನಿಜವಾದ ನಿಧಿಯನ್ನು ಕಂಡವರು ನಮ್ಮ ರಾಜ್ಯದಲ್ಲೇ ಇದ್ದಾರೆ. ಅವರಲ್ಲಿ ಮೊದಲು ನೆನಪಿಗೆ ಬರುವವನು ಕೋಲಾರದ ಚಿನ್ನದ ಬೆನ್ನು ಹತ್ತಿದ ಲ್ಯಾವೆಲ್.

ಟಿಪ್ಪೂ ಸುಲ್ತಾನನ ಪತನಾನಂತರ ಮೈಸೂರು ಸಂಸ್ಥಾನದ ಪೂರ್ವದ ಗಡಿಯನ್ನು ಅಳೆಯಲು ಜಾನ್ ವಾರೆನ್ ಎಂಬ ಸೈನ್ಯಾಧಿಕಾರಿಯನ್ನು ನೇಮಿಸಿದ್ದರು. ಕೋಲಾರದ ಆ ಕಡೆ ಮಣ್ಣಿನಲ್ಲಿ ಚಿನ್ನ ಸಿಗುವುದೆಂಬ ಮಾತು 1802ರಲ್ಲಿ ಅವನ ಕಿವಿಗೆ ಬಿತ್ತು. ಅವನು ಅದನ್ನು ಕಟ್ಟುಕಥೆಯೆಂದು ತಳ್ಳಿಹಾಕಲಿಲ್ಲ. ಹಾಗೆಂದು ನಂಬಲೂ ಇಲ್ಲ. ತೋರಿಸಿಕೊಟ್ಟವರಿಗೆ ಬಹುಮಾನ ಕೊಡುವುದಾಗಿ ಸಾರಿದನು. ಊರಿಗಾಂ ಎಂಬ ಹಳ್ಳಿಯವರು ಮಣ್ಣನ್ನು ಗಾಡಿಗಳಲ್ಲಿ ಹೇರಿ ತಂದು ಅವನ ಕಣ್ಣೆದುರಿಗೇ ತೊಳೆದು ತೋರಿಸಿದರು. ತಳದಲ್ಲಿ ಹೊನ್ನಿನ ಕಣಗಳು ಮಿನುಗಿದವು. ಯಾವ ಊರು, ಎಂಥ ಮಣ್ಣು, ತೊಳೆಯುವ ಬಗೆ ಯಾವುದು, ಜನರು ಹಳೆಯ ಗುಂಡಿಗಳಿಗೆ ಇಳಿದು ಹೇಗೆ ಅಗೆಯುತ್ತಾರೆ ಎಂಬುದನ್ನೆಲ್ಲ ವಾರೆನ್ ವರದಿಯಾಗಿ ಬರೆದಿಟ್ಟನು. ಅದು ಅಚ್ಚೂ ಆಯಿತು. ಆಮೇಲೆ ಬಹಳ ಕಾಲ ಅದರಿಂದ ಹೇಳಿಕೊಳ್ಳುವಂಥ ಫಲವೇನೂ ದೊರೆಯಲಿಲ್ಲ.

ಸುಮಾರು ಎಪ್ಪತ್ತು ವರ್ಷಗಳು ಕಳೆದವು. ನ್ಯೂಜಿಲೆಂಡಿನ ಯುದ್ಧದಲ್ಲಿ ಸೇವೆ ಸಲ್ಲಿಸಿ ಬೆಂಗಳೂರಿನ ದಂಡಿನಲ್ಲಿ ನೆಲೆಸಿದ್ದ ಮೈಕೇಲ್ ಫಿಟ್ಸ್‌ಜೆರಾಲ್ಡ್ ಲ್ಯಾವೆಲ್ ಎಂಬ ಐರಿಷ್ ಸೈನಿಕನ ಕೈಗೆ ವಾರೆನ್ನನ ಆ ಹಳೆಯ ಬರಹ ಸಿಕ್ಕಿತು. ಕೆಲವೇ ಪುಟಗಳ ಬರಹ. 1871ರಲ್ಲಿ ಅವನು ಎತ್ತಿನ ಗಾಡಿ ಕಟ್ಟಿಸಿಕೊಂಡು ಸುಮಾರು ನೂರು ಕಿಲೋಮೀಟರು ಪ್ರಯಾಣ ಮಾಡಿ, ಬರಹದಲ್ಲಿದ್ದ ಊರುಗಳನ್ನು ನೆಲದ ಮೇಲಿನ ಊರುಗಳೊಡನೆ ತಾಳೆ ನೋಡಿದನು. ಹಳೆಯ ಗುಂಡಿಗಳು ಇನ್ನೂ ಇದ್ದವು. 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಸಲ್ಲಿಸಿ, 1875ರಲ್ಲಿ ಗಣಿ ಅಗೆಯುವ ಹಕ್ಕನ್ನು ಪಡೆದನು. ಆದರೆ ಅವನ ಕೈಯಲ್ಲಿ ಅದಕ್ಕೆ ಬೇಕಾದಷ್ಟು ಹಣವಿರಲಿಲ್ಲ. ಹಕ್ಕು ಬೇರೆಯವರ ಪಾಲಾಯಿತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಕಂಪನಿ ಬಂದ ಮೇಲೆ ಕೆಲಸ ಕುದುರಿತು. 2001ರ ಫೆಬ್ರವರಿಯಲ್ಲಿ ಮುಚ್ಚುವ ಹೊತ್ತಿಗೆ ಕೋಲಾರದ ಗಣಿಗಳು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು, ಸುಮಾರು 800 ಟನ್ ಚಿನ್ನವನ್ನು ಕೊಟ್ಟಿದ್ದವು. ಲ್ಯಾವೆಲ್ಲನಿಗೆ ದಕ್ಕಿದ್ದು ಬೆಂಗಳೂರಿನ ಒಂದು ರಸ್ತೆಯ ಹೆಸರು!

ವಾರೆನ್ನನ ಬರಹಕ್ಕೂ ಏಳು ಕೊಪ್ಪರಿಗೆಯ ಕಥೆಗೂ ಇರುವ ಅಂತರವನ್ನು ಗಮನಿಸಿ. ಕಥೆ ಹೇಳುವವನು ತನ್ನ ಕಿವಿಗೆ ಬಿದ್ದುದನ್ನು ಹೇಳುತ್ತಾನೆ. ಅವನಿಗೆ ಹೇಳಿದವನೂ ಕೇಳಿದ್ದನ್ನೇ ಹೇಳಿರುತ್ತಾನೆ. ವಾರೆನ್ ತಾನು ಕಂಡದ್ದನ್ನು, ಕಂಡ ಸ್ಥಳದ ಹೆಸರಿನೊಡನೆ ಬರೆದನು. ಆದ್ದರಿಂದ ಎಪ್ಪತ್ತು ವರ್ಷಗಳ ಬಳಿಕವೂ ಇನ್ನೊಬ್ಬನು ಹೋಗಿ ಪರೀಕ್ಷಿಸುವುದು ಸಾಧ್ಯವಾಯಿತು. ಹಳೆಯ ಬರಹವೊಂದನ್ನು ಓದುವಾಗ ಕಂಡದ್ದು ಎಷ್ಟು, ಕೇಳಿದ್ದು ಎಷ್ಟು ಎಂದು ಬೇರ್ಪಡಿಸಿಕೊಳ್ಳುವುದೇ ಶೋಧಕನ ಮೊದಲ ಕೆಲಸ. ಉಳಿದದ್ದೆಲ್ಲ ಕಾಲಿನ ದುಡಿಮೆ.

ಕೆಲವೊಮ್ಮೆ ಹುಡುಕಿದ್ದು ಒಂದು, ದೊರೆತದ್ದು ಇನ್ನೊಂದು ಆಗುವುದುಂಟು. ರಾಯಚೂರು ಜಿಲ್ಲೆಯ ಮಸ್ಕಿಯ ಸುತ್ತಮುತ್ತ ಪ್ರಾಚೀನರು ಚಿನ್ನ ತೆಗೆದ ಗುಂಡಿಗಳಿವೆ. ನಿಜಾಮರ ಆಳ್ವಿಕೆಯ ಕಾಲದಲ್ಲಿ, 1915ರಲ್ಲಿ, ಅಲ್ಲಿ ತಿರುಗಾಡುತ್ತಿದ್ದ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರನ ಕಣ್ಣಿಗೆ ಬಂಡೆಯ ಮೇಲಿನ ಅಕ್ಷರಗಳು ಬಿದ್ದವು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮೀ ಲಿಪಿಯನ್ನು ಬಿಡಿಸಿದಾಗ, ಶಾಸನಗಳನ್ನು ಬರೆಸಿದ 'ದೇವಾನಾಂಪ್ರಿಯ ಪ್ರಿಯದರ್ಶಿ' ಯಾರೆಂಬ ಪ್ರಶ್ನೆ ಎದ್ದಿತ್ತು. ಸಿಂಹಳದ ಹಳೆಯ ಗ್ರಂಥಗಳ ಆಧಾರದಿಂದ ಅವನು ಅಶೋಕನೇ ಇರಬೇಕೆಂದು ವಿದ್ವಾಂಸರು ತೀರ್ಮಾನಿಸಿದ್ದರು. ಆದರೆ ಆವರೆಗೆ ಓದಿದ್ದ ಅವನ ಯಾವ ಶಾಸನದಲ್ಲಿಯೂ ಆ ಹೆಸರು ಇರಲಿಲ್ಲ. ಮಸ್ಕಿಯ ಬಂಡೆಯ ಮೇಲೆ ಅದು ಸ್ಪಷ್ಟವಾಗಿ ಇತ್ತು. ಚಿನ್ನವನ್ನರಸಿ ಹೋದವನಿಗೆ ಚಕ್ರವರ್ತಿಯೊಬ್ಬನ ಹೆಸರು ಸಿಕ್ಕಿತು. ಇದರಲ್ಲಿ ಯಾವುದು ಹೆಚ್ಚಿನ ಬೆಲೆಯದೆಂದು ಅಕ್ಕಸಾಲಿಗನನ್ನು ಕೇಳಿ ಪ್ರಯೋಜನವಿಲ್ಲ.

ಇನ್ನು ಕಲಬುರಗಿ ಜಿಲ್ಲೆಗೇ ಬರೋಣ. ಸೇಡಂ ತಾಲ್ಲೂಕಿನಲ್ಲಿ ಕಾಗಿಣಾ ನದಿಯ ದಡದ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ. ಅಮೋಘವರ್ಷ ನೃಪತುಂಗನು ಆಳಿದ ಊರು. ಇಷ್ಟು ದೊಡ್ಡ ಅರಸರ ಭಂಡಾರ ಇಲ್ಲೆಲ್ಲೋ ಹುದುಗಿರಬೇಕೆಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಈ ವಿಷಯದಲ್ಲಿ ಹಳೆಯ ಬರಹವೊಂದು ಆಸೆಗೆ ತಣ್ಣೀರು ಎರಚುತ್ತದೆ. ಧನಪಾಲನೆಂಬ ಕವಿಯು 'ಪಾಇಯಲಚ್ಛೀ' ಎಂಬ ಪ್ರಾಕೃತ ನಿಘಂಟನ್ನು ರಚಿಸಿ, ಅದನ್ನು ಮುಗಿಸಿದ ಕಾಲವನ್ನು ಸೂಚಿಸುವಾಗ, ಮಾಳವದ ಸೇನೆ ಮಾನ್ಯಖೇಟವನ್ನು ಸೂರೆಗೊಂಡ ವಿಕ್ರಮ ಸಂವತ್ಸರ 1029ರಲ್ಲಿ ಎಂದು ತಿಳಿಸಿದ್ದಾನೆ. ಅಂದರೆ ಕ್ರಿ.ಶ. 972. ಪರಮಾರ ಸೀಯಕನ ದಂಡಯಾತ್ರೆ ಅದು. ಶಬ್ದಗಳ ಅರ್ಥ ಹೇಳುವ ಪುಸ್ತಕದ ಕೊನೆಯಲ್ಲಿ ಒಂದು ರಾಜಧಾನಿಯ ಪತನದ ತೇದಿ ಸಿಕ್ಕುವುದು ವಿಚಿತ್ರವಲ್ಲವೆ? ಮಳಖೇಡದ ಹೊನ್ನು ಸಾವಿರ ವರ್ಷಗಳ ಹಿಂದೆಯೇ ನರ್ಮದೆಯ ಕಡೆಗೆ ಹೋಯಿತು. ಇಂದು ಕೋಟೆಯ ಗೋಡೆಯನ್ನು ಅಗೆಯುವವನು ಈ ಲೂಟಿಯ ಸುದ್ದಿ ತಲುಪದವನೆಂದೇ ಹೇಳಬೇಕು.

ಚಿತ್ತಾಪುರದ ಸಮೀಪದ ನಾಗಾವಿಯಲ್ಲಿಯೂ ಒಂದು ಭಂಡಾರವಿತ್ತು. ಅಲ್ಲಿನ 1058ರ ಶಾಸನವು ಚಾಳುಕ್ಯರ ಕಾಲದ ಘಟಿಕಾಸ್ಥಾನವನ್ನು ವರ್ಣಿಸುತ್ತದೆ. ವೇದ ಓದುವ ಇನ್ನೂರು ವಿದ್ಯಾರ್ಥಿಗಳು, ಶಾಸ್ತ್ರ ಓದುವವರು ಬೇರೆ, ಅವರ ಉಪಾಧ್ಯಾಯರು, ಅವರೊಡನೆ ಆರು ಮಂದಿ ಸರಸ್ವತೀ ಭಂಡಾರಿಗರು. ಸರಸ್ವತೀ ಭಂಡಾರವೆಂದರೆ ಪುಸ್ತಕಾಲಯ. ಹೈದರಾಬಾದ್ ಸಂಸ್ಥಾನದ ಪುರಾತತ್ತ್ವ ಇಲಾಖೆ ಈ ಶಾಸನಗಳನ್ನು 1928ರಲ್ಲಿ ಪ್ರಕಟಿಸದಿದ್ದರೆ, ಅಲ್ಲಿನ ಅರವತ್ತು ಕಂಬಗಳ ಗುಡಿಯ ನೆರಳಿನಲ್ಲಿ ಕುಳಿತವರಿಗೆ ಅದು ವಿದ್ಯಾಕೇಂದ್ರವೆಂಬುದು ಹೊಳೆಯುತ್ತಿರಲಿಲ್ಲ.

ಜಾಡನ್ನು ತಾಳ್ಮೆಯಿಂದ ಹಿಡಿದರೆ ಏನು ದೊರಕೀತೆಂಬುದಕ್ಕೆ ಇದೇ ಸೀಮೆಯ ಸನ್ನತಿ ಸಾಕ್ಷಿ. ಭೀಮಾ ತೀರದ ಈ ಹಳ್ಳಿ ಚಂದ್ರಲಾಂಬಾ ದೇವಿಯ ಕ್ಷೇತ್ರವೆಂದು ಪ್ರಸಿದ್ಧ. ಇಲ್ಲಿ ಹರಡಿದ್ದ ಶಿಲ್ಪದ ತುಣುಕುಗಳನ್ನೂ ಬ್ರಾಹ್ಮೀ ಅಕ್ಷರಗಳನ್ನೂ 1954ರಲ್ಲಿ ಕಪಟರಾಳ ಕೃಷ್ಣರಾಯರು ಗುರುತಿಸಿ ವಿದ್ವಾಂಸರ ಗಮನಕ್ಕೆ ತಂದರು. ಆ ಬರಹಗಳನ್ನು ಓದಿದವರು ಮತ್ತೆ ಮತ್ತೆ ಅಲ್ಲಿಗೆ ಹೋದರು. ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಮುಂದುವರಿಸಿದರು. ಕ್ಷೇತ್ರದಲ್ಲಿದ್ದ ಕಾಳಿಯ ಗುಡಿ ಕುಸಿದು ವಿಗ್ರಹವನ್ನು ಸರಿಸಬೇಕಾಗಿ ಬಂದಾಗ, 1989ರಲ್ಲಿ ಅದರ ಪೀಠದ ಕಲ್ಲಿನ ಎರಡೂ ಮುಖಗಳಲ್ಲಿ ಅಶೋಕನ ಶಾಸನ ಕಂಡುಬಂದಿತು. ವಿಗ್ರಹ ನಿಲ್ಲಿಸಲೆಂದು ಹಿಂದೆ ಯಾರೋ ಕಲ್ಲಿನ ನಡುವೆ ತೂತು ಕೊರೆದಿದ್ದರು. ಕೆಲವು ಅಕ್ಷರಗಳು ಅದರಲ್ಲೇ ಹೋಗಿವೆ. ಉಳಿದ ಭಾಗದಲ್ಲಿ, ಒಡಿಶಾದ ಧೌಲಿ ಮತ್ತು ಜೌಗಡಗಳಲ್ಲಿ ಮಾತ್ರ ಇವೆಯೆಂದು ತಿಳಿದಿದ್ದ ಪ್ರತ್ಯೇಕ ಶಾಸನಗಳೂ ಇದ್ದುವು.

ಕಥೆ ಅಲ್ಲಿಗೂ ನಿಲ್ಲಲಿಲ್ಲ. ಹತ್ತಿರದ ಕನಗನಹಳ್ಳಿಯಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ 1994ರಿಂದ ಉತ್ಖನನ ನಡೆಸಿದಾಗ ಮಣ್ಣಿನಡಿಯಿಂದ ಒಂದು ಮಹಾಸ್ತೂಪವೇ ಎದ್ದುಬಂತು. ಅದರ ಫಲಕವೊಂದರಲ್ಲಿ ರಾಣಿಯೊಡನೆ, ಪರಿಚಾರಿಕೆಯರ ನಡುವೆ ಅರಸನೊಬ್ಬ ನಿಂತಿದ್ದಾನೆ. ಅಂಚಿನಲ್ಲಿ 'ರಾಯ ಅಸೋಕೋ' ಎಂಬ ಬರಹವಿದೆ. ಅಶೋಕನ ಹೆಸರನ್ನೇ ಬರೆದು ತೋರಿಸಿದ ಪ್ರಾಚೀನ ಶಿಲ್ಪ ಇದು. ಶಾತವಾಹನ ಅರಸರ ಹೆಸರುಳ್ಳ ಫಲಕಗಳೂ ಅಲ್ಲಿ ದೊರೆತಿವೆ. ಇವೆಲ್ಲ ಕಡೆದದ್ದು ಈ ಸೀಮೆಯ ಸುಣ್ಣಕಲ್ಲಿನಲ್ಲಿ. ನಿಧಿಗಳ್ಳರ ಹಾರೆ ಮೊದಲು ತಾಗಿದ್ದರೆ ಎಷ್ಟು ಫಲಕಗಳು ಇಡಿಯಾಗಿ ಉಳಿಯುತ್ತಿದ್ದವೋ ಊಹಿಸಿಕೊಳ್ಳಿ. ಯಾವ ಕಲ್ಲು ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಬಿದ್ದಿತ್ತು ಎಂಬುದೂ ಪುರಾತತ್ತ್ವಜ್ಞನಿಗೆ ಒಂದು ಬರಹವೇ. ಒಮ್ಮೆ ಕದಡಿದರೆ ಅದನ್ನು ಮತ್ತೆ ಓದಲಾಗದು.

ಈ ಕಾರಣಕ್ಕಾಗಿಯೇ ಕಾನೂನು ಬಿಗಿಯಾಗಿದೆ. 1878ರ ಭಾರತೀಯ ನಿಧಿ ಕಾಯಿದೆಯು ಹತ್ತು ರೂಪಾಯಿಗೆ ಮೀರಿದ ನಿಧಿ ದೊರೆತರೆ ಕಲೆಕ್ಟರರಿಗೆ ತಿಳಿಸಬೇಕೆಂದು ವಿಧಿಸಿತು. ನಮ್ಮ ರಾಜ್ಯಕ್ಕೆ 1962ರ ಪ್ರತ್ಯೇಕ ಕಾಯಿದೆಯಿದೆ. ಸಂರಕ್ಷಿತ ಸ್ಮಾರಕಗಳಲ್ಲಿ ಅಪ್ಪಣೆಯಿಲ್ಲದೆ ಅಗೆಯುವುದು ಅಪರಾಧ.

ಶಹಾಬಾದ್, ವಾಡಿಗಳ ಮಾತು ಬೇರೆ. ಅಲ್ಲಿ ನಿಧಿ ಹೂತಿಲ್ಲ, ಹಾಸಿದೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಪ್ರಕಟವಾದ ತನ್ನ ವರದಿಯಲ್ಲಿ ಭೀಮಾ ಸೀಮೆಯ ಸುಣ್ಣಕಲ್ಲಿನ ಪದರಗಳನ್ನು ವಿವರಿಸಿದನು. ಮನೆಯ ನೆಲಕ್ಕೆ ಹಾಸುವ ಶಹಾಬಾದಿ ಫರಸಿಯೂ ವಾಡಿಯ ಸಿಮೆಂಟೂ ಆ ಪದರಗಳಿಂದಲೇ ಬಂದವು.

ಕೊನೆಗೆ, ಇನ್ನೂ ಯಾರಿಗೂ ಸಿಗದ ಒಂದು ನಿಧಿಯ ಜಾಡನ್ನು ಹೇಳುತ್ತೇನೆ. ನೃಪತುಂಗನ ಆಸ್ಥಾನದಲ್ಲಿ ರಚಿತವಾದ 'ಕವಿರಾಜಮಾರ್ಗ'ವನ್ನು ಕೆ. ಬಿ. ಪಾಠಕರು 1898ರಲ್ಲಿ ಸಂಪಾದಿಸಿ ಅಚ್ಚು ಮಾಡಿಸಿದರು. ಅದರಲ್ಲಿ ಹಿಂದಿನ ಗದ್ಯಲೇಖಕರೆಂದು ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರ ಹೆಸರುಗಳಿವೆ. ಇವರ ಕನ್ನಡ ಗ್ರಂಥಗಳಲ್ಲಿ ಒಂದೂ ಇದುವರೆಗೆ ದೊರೆತಿಲ್ಲ. ಹಳೆಯ ಮನೆ ಕೆಡವುವಾಗ ಅಟ್ಟದ ಮೇಲೆ, ಮಠದ ಪೆಟ್ಟಿಗೆಯಲ್ಲಿ, ಬಸದಿಯ ಗೂಡಿನಲ್ಲಿ ದಾರ ಕಟ್ಟಿದ ಓಲೆಗರಿಯ ಕಟ್ಟು ಕಂಡರೆ ಅದನ್ನು ಒಲೆಗೂ ಹೊಳೆಗೂ ಹಾಕಬೇಡಿ. ಗರಿಗಳ ಕ್ರಮವನ್ನು ಕೆಡಿಸದೆ, ಎಣ್ಣೆ ನೀರು ತಾಗಿಸದೆ, ಒಣಗಿದ ಬಟ್ಟೆಯಲ್ಲಿ ಸುತ್ತಿ, ಕಟ್ಟು ಸಿಕ್ಕ ಮನೆಯನ್ನೂ ದಿನವನ್ನೂ ಒಂದು ಚೀಟಿಯಲ್ಲಿ ಬರೆದು ಅದರೊಡನೆ ಇಡಿ. ಬಳಿಕ ನಿಮ್ಮ ಕನ್ನಡ ಉಪಾಧ್ಯಾಯರ ಮೂಲಕ ವಿಶ್ವವಿದ್ಯಾಲಯದ ಹಸ್ತಪ್ರತಿ ಬಲ್ಲವರಿಗೆ ತೋರಿಸಿರಿ.