ಕ್ರಿಸ್ಮಸ್ ಹಬ್ಬದ ಶುಭಾಶಯ



ಡಿಸೆಂಬರ್ ತಿಂಗಳು ಬಂದಿತೆಂದರೆ ಚಿತ್ರದುರ್ಗದಲ್ಲಿ ಗಾಳಿಯ ಸ್ವಭಾವವೇ ಬೇರೆಯಾಗುತ್ತದೆ. ಜೋಗಿಮಟ್ಟಿಯ ಗುಡ್ಡಸಾಲಿನ ಮೇಲೆ ಹಾದುಬರುವ ಗಾಳಿ ಸಂಜೆಯಾಗುತ್ತಲೇ ಕಿವಿಗಳನ್ನು ಕೊರೆಯತೊಡಗುತ್ತದೆ. ಇಂದು ವನ್ಯಜೀವಿಧಾಮವಾಗಿರುವ ಆ ಗುಡ್ಡದಿಂದ ಹೊತ್ತು ಮುಳುಗುವ ಮುನ್ನ ಇಳಿದು ಬರುವವರಿಗೆ ಕೆಳಗಿನ ಬಯಲಿನಲ್ಲಿ ಒಂದು ನೋಟ ಕಾಣಸಿಗುವುದುಂಟು. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿಗಳನ್ನು ತರುಬಿಸಿರುತ್ತಾರೆ. ಹೊಲದ ಒಡೆಯನು ಇದಕ್ಕಾಗಿ ಕುರಿಗಾಹಿಗೆ ಕಾಳನ್ನೋ ಹಣವನ್ನೋ ಕೊಡುತ್ತಾನೆ. ಕುರಿಗಾಹಿಯಾದರೋ ಕಂಬಳಿ ಹೊದ್ದು, ನಾಯಿಯನ್ನು ಪಕ್ಕದಲ್ಲಿಟ್ಟುಕೊಂಡು, ಪುಳ್ಳೆಗಳ ಬೆಂಕಿಯ ಮುಂದೆ ರಾತ್ರಿಯೆಲ್ಲ ಎಚ್ಚರವಾಗಿ ಕುಳಿತಿರುತ್ತಾನೆ.

ಇದೇ ತಿಂಗಳಿನಲ್ಲಿ ನಮ್ಮ ಕೈಸೇರುವ ಕ್ರಿಸ್ಮಸ್ ಶುಭಾಶಯದ ಚಿತ್ರಗಳಲ್ಲಿ ಕಾಣುವುದೇ ಬೇರೆ. ಹಿಮ ಕವಿದ ಮರಗಳು, ಹೊಗೆಗೂಡಿನ ಮನೆಗಳು, ಜಾರುಬಂಡಿ. ಹಿಂದೆ ಅಂಚೆಯಲ್ಲಿ ಬರುತ್ತಿದ್ದ ಈ ಚಿತ್ರಗಳು ಈಗ ಹೆಚ್ಚಾಗಿ ಮೊಬೈಲಿನಲ್ಲಿ ಬರುತ್ತವೆ. ನೋಡಿದವರು ‘ಇದು ನಮ್ಮದಲ್ಲದ ದೇಶದ, ನಮ್ಮದಲ್ಲದ ಹಬ್ಬ’ ಎಂದುಕೊಂಡರೆ ಆಶ್ಚರ್ಯವಿಲ್ಲ. ಆದರೆ ಈ ಹಬ್ಬದ ಮೂಲಕಥೆಯಲ್ಲಿ ಹಿಮದ ಮಾತೇ ಇಲ್ಲ. ಅಲ್ಲಿರುವುದು ರಾತ್ರಿಯ ಹೊತ್ತು ಬಯಲಿನಲ್ಲಿ ಮಂದೆ ಕಾಯುವ ಕುರಿಗಾಹಿಗಳು. ಆದುದರಿಂದ ಚಿತ್ರದುರ್ಗದವನಿಗೆ ಈ ಕಥೆ ಅರ್ಥವಾಗದಿರಲು ಕಾರಣವಿಲ್ಲ. ಕ್ರೈಸ್ತರು ಈ ಕಾಲದಲ್ಲಿ ಒಬ್ಬರಿಗೊಬ್ಬರು ಹೇಳುವ ಶುಭಾಶಯದ ಅರ್ಥವೇನು, ಅದು ಹೇಳುವವನಿಂದ ಏನನ್ನು ಬೇಡುತ್ತದೆ ಎಂಬುದೇ ನನ್ನ ಈ ಹೊತ್ತಿನ ವಿಷಯ. ನಾನು ಕ್ರೈಸ್ತನಲ್ಲ. ಇಂಗ್ಲಿಷ್ ಸಾಹಿತ್ಯವನ್ನು ಪಾಠ ಹೇಳುವ ನಿಮಿತ್ತ ಈ ಕಥೆಯನ್ನು ಓದಬೇಕಾಯಿತು. ನೆರೆಹೊರೆಯ ನಿಮಿತ್ತ ಅದನ್ನು ತಿಳಿಯಬೇಕಾಯಿತು.

ಮೊದಲು ಕಾರ್ಡಿನ ವಿಚಾರ. ಅಚ್ಚಾದ ಕ್ರಿಸ್ಮಸ್ ಕಾರ್ಡು ಬಹು ಪುರಾತನವಾದುದಲ್ಲ. 1840ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಪೆನ್ನಿಯ ಅಂಚೆ ಜಾರಿಗೆ ಬಂದಿತು. 1843ರಲ್ಲಿ ಹೆನ್ರಿ ಕೋಲ್ ಎಂಬ ಅಧಿಕಾರಿ, ಸ್ನೇಹಿತರಿಗೆಲ್ಲ ಪ್ರತ್ಯೇಕವಾಗಿ ಪತ್ರ ಬರೆಯಲು ಬಿಡುವಿಲ್ಲದೆ, ಹಾರ್ಸ್ಲಿ ಎಂಬ ಚಿತ್ರಕಾರನಿಂದ ಒಂದು ಚಿತ್ರ ಬರೆಯಿಸಿ ಸುಮಾರು ಒಂದು ಸಾವಿರ ಪ್ರತಿಗಳನ್ನು ಅಚ್ಚು ಹಾಕಿಸಿದನು. ಪ್ರತಿಯೊಂದರ ಬೆಲೆ ಒಂದು ಷಿಲಿಂಗ್. ಚಿತ್ರದ ನಡುವೆ ಒಂದು ಕುಟುಂಬ ಕೂಡಿ ಔತಣ ಮಾಡುತ್ತಿದೆ. ಎರಡು ಪಕ್ಕಗಳಲ್ಲಿ ಹಸಿದವರಿಗೆ ಅನ್ನವನ್ನೂ ಬಟ್ಟೆಯಿಲ್ಲದವರಿಗೆ ಬಟ್ಟೆಯನ್ನೂ ಕೊಡುತ್ತಿದ್ದಾರೆ. ಆ ಪಕ್ಕದ ಚಿತ್ರಗಳನ್ನು ಮರೆತು ನಡುವಣ ಚಿತ್ರವನ್ನೇ ನೋಡುವ ಅಭ್ಯಾಸವು ಲೋಕಕ್ಕೆ ಬೇಗನೆ ಬಂದಿತು.

ಈ ಹಬ್ಬವನ್ನು ಆಚರಿಸಬೇಕೆ ಎಂಬ ವಿಷಯದಲ್ಲಿ ಕ್ರೈಸ್ತರೆಲ್ಲರೂ ಒಂದೇ ಮನಸ್ಸಿನವರಾಗಿರಲಿಲ್ಲ. ಯೇಸು ಹುಟ್ಟಿದ ದಿನವನ್ನು ಸುವಾರ್ತೆಗಳು ಹೇಳುವುದಿಲ್ಲ. ಡಿಸೆಂಬರ್ 25ನೆಯ ತಾರೀಖು ಕ್ರಿ.ಶ. 354ರ ರೋಮ್ ನಗರದ ಒಂದು ದಿನದರ್ಶಿಯಲ್ಲಿ ಕಂಡುಬರುತ್ತದೆ. ಅರ್ಮೇನಿಯದ ಸಭೆಯವರು ಇಂದಿಗೂ ಜನವರಿ 6ರಂದು ಆಚರಿಸುತ್ತಾರೆ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಪ್ಯೂರಿಟನ್ ಪಂಥದವರು, ಗ್ರಂಥದಲ್ಲಿ ವಿಧಿಸದ ಈ ಹಬ್ಬ ಕುಡಿತಕ್ಕೂ ಜೂಜಿಗೂ ನೆಪವಾಗಿದೆಯೆಂದು ವಾದಿಸಿದರು. 1647ರಲ್ಲಿ ಪಾರ್ಲಿಮೆಂಟು ಅದನ್ನು ನಿಷೇಧಿಸಿತು. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ 1659ರಿಂದ 1681ರ ವರೆಗೆ, ಹಬ್ಬ ಆಚರಿಸಿದವನಿಗೆ ಐದು ಷಿಲಿಂಗ್ ದಂಡವಿತ್ತು. ಸ್ವಾರಸ್ಯವೇನೆಂದರೆ, ಪ್ಯೂರಿಟನ್ನರ ಮಹಾಕವಿ ಮಿಲ್ಟನ್ನನೇ 1629ರಲ್ಲಿ ಕ್ರಿಸ್ತಜನನವನ್ನು ಕುರಿತು ದೊಡ್ಡದೊಂದು ಕವನ ಬರೆದಿದ್ದನು. ಅಂಗಡಿಯವರು ‘ಕ್ರಿಸ್ಮಸ್’ ಎಂಬ ಹೆಸರು ಹೇಳಿ ಹಾರೈಸಬೇಕೋ, ಬರಿದೆ ‘ಹಬ್ಬದ ಹಾರೈಕೆ’ ಎನ್ನಬೇಕೋ ಎಂದು ಪಶ್ಚಿಮದೇಶಗಳಲ್ಲಿ ಈಗ ನಡೆಯುವ ವಾಗ್ವಾದವನ್ನು ಕೇಳಿದಾಗ ಈ ಹಳೆಯ ಜಗಳವನ್ನು ನೆನೆಯುವುದು ಒಳ್ಳೆಯದು. ಹಬ್ಬವನ್ನು ನಿಷೇಧಿಸಿದವರೂ ಭಕ್ತರೇ, ಆಚರಿಸಿದವರೂ ಭಕ್ತರೇ. ಇಬ್ಬರಿಗೂ ಇದ್ದ ಭಯ ಒಂದೇ: ಬಾಯಿಮಾತು ಉಳಿದು ತಿರುಳು ಹೋಗಬಾರದೆಂಬುದು.

ಹಾಗಾದರೆ ತಿರುಳೇನು? ಲೂಕನ ಸುವಾರ್ತೆಯ ಮೊದಲ ಎರಡು ಅಧ್ಯಾಯಗಳನ್ನು ಓದಿದರೆ ಒಂದು ಸಂಗತಿ ಮನಸ್ಸಿಗೆ ಹೊಳೆಯುತ್ತದೆ. ಕಥೆಯುದ್ದಕ್ಕೂ ಹಾರೈಕೆಗಳೇ ಇವೆ. ದೇವದೂತನು ಮರಿಯಳ ಬಳಿಗೆ ಬಂದು ಶುಭವನ್ನು ಹಾರೈಸುತ್ತಾನೆ. ಆಕೆ ಹಿಗ್ಗುವುದಿಲ್ಲ, ಕಳವಳಗೊಂಡು ಇದು ಎಂತಹ ಹಾರೈಕೆಯೋ ಎಂದು ಯೋಚಿಸುತ್ತಾಳೆ. ಮರಿಯಳು ಗುಡ್ಡಗಾಡಿನ ಊರಿಗೆ ನಡೆದುಹೋಗಿ, ಮುಪ್ಪಿನಲ್ಲಿ ಬಸುರಿಯಾದ ಬಂಧು ಎಲಿಸಬೇತಳನ್ನು ವಂದಿಸುತ್ತಾಳೆ. ಕೊನೆಗೆ ಬಯಲಿನ ಕುರಿಗಾಹಿಗಳಿಗೆ ದೂತನ ಮಾತು ಕೇಳಿಸುತ್ತದೆ. ಅವರಿಗೆ ಅವನು ಹೇಳುವ ಮೊದಲ ಮಾತು ಸಂತೋಷಪಡಿರಿ ಎಂದಲ್ಲ, ಹೆದರಬೇಡಿರಿ ಎಂದು. ಕಳವಳಗೊಂಡ ಹುಡುಗಿ, ವಯಸ್ಸಾದ ಹೆಂಗಸು, ಕತ್ತಲಿನಲ್ಲಿ ಕಾಯುವ ಕೂಲಿಗಳು, ಇವರಿಗೆ ಸಂದ ಹಾರೈಕೆಗಳು ಇವು. ಅವು ಸಮಾನಸ್ಥರೊಳಗಿನ ಉಪಚಾರದ ಮಾತುಗಳಲ್ಲ. ಅಗತ್ಯವಿದ್ದವರನ್ನು ಹುಡುಕಿಕೊಂಡು ಹೋದ ಮಾತುಗಳು.

ಶಿಶುವನ್ನು ಮಲಗಿಸಿದ ಸ್ಥಳವನ್ನು ಕುರಿತೂ ಎರಡು ಮಾತು ಹೇಳಬೇಕು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಸತ್ಯವೇದದ ಕೆಲಸವನ್ನು ಪ್ರಾರಂಭಿಸಿದನು. ಮುಂದೆ ಅನೇಕರ ಕೈಯಲ್ಲಿ ಅದು ತಿದ್ದುಪಡಿಯಾಯಿತು. ನಾವು ಈಗ ಓದುವ ಸತ್ಯವೇದದಲ್ಲಿ, ಛತ್ರದಲ್ಲಿ ಸ್ಥಳವಿಲ್ಲದೆ ಶಿಶುವನ್ನು ‘ಗೋದಲಿ’ಯಲ್ಲಿ ಮಲಗಿಸಿದರೆಂದಿದೆ. ಗೋದಲಿಯೆಂಬುದು ನಮ್ಮ ಒಕ್ಕಲು ಮನೆಗಳ ಮಾತು, ದನಗಳಿಗೆ ಮೇವು ಹಾಕುವ ಸ್ಥಳ. ಛತ್ರವೆಂದು ಇಲ್ಲಿ ಅನುವಾದವಾಗಿರುವ ಗ್ರೀಕ್ ಪದ ‘ಕತಾಲುಮ’. ಸಮಾರ್ಯದವನು ಗಾಯಗೊಂಡವನನ್ನು ಕರೆದೊಯ್ದ ಛತ್ರಕ್ಕೆ ಲೂಕನು ಬೇರೊಂದು ಪದವನ್ನೇ ಬಳಸಿದ್ದಾನೆ. ಕತಾಲುಮವೆಂಬ ಪದವನ್ನಾದರೋ ಯೇಸು ಶಿಷ್ಯರೊಡನೆ ಕಡೆಯ ಊಟ ಮಾಡಿದ ಮನೆಯ ಕೊಠಡಿಗೆ ಬಳಸಿದ್ದಾನೆ. ಇದನ್ನು ಹಿಡಿದು ಕೆನೆತ್ ಬೇಯ್ಲಿ ಮೊದಲಾದ ವಿದ್ವಾಂಸರು ಹೀಗೆ ವಾದಿಸಿದ್ದಾರೆ: ಅದು ಛತ್ರವಲ್ಲ, ಒಂದು ಮನೆಯ ಅತಿಥಿಕೋಣೆ, ಅದು ತುಂಬಿದ್ದುದರಿಂದ ಮನೆಯವರು ತಾವಿರುವ ಕಡೆಯೇ, ದನಗಳ ಪಕ್ಕದಲ್ಲೇ, ಎಡೆ ಮಾಡಿಕೊಟ್ಟರು. ಪ್ಯಾಲೆಸ್ತೀನದ ಹಳ್ಳಿಮನೆಗಳಲ್ಲಿ ದನಗಳ ಜಾಗ ಮನೆಯೊಳಗೇ, ಒಂದೆರಡು ಮೆಟ್ಟಿಲು ಕೆಳಗೆ ಇರುತ್ತಿತ್ತು.

ಈ ವಾದವನ್ನು ಎಲ್ಲರೂ ಒಪ್ಪಿಲ್ಲ. ಬೇತ್ಲೆಹೇಮಿನಲ್ಲಿ ಗುಹೆಯೊಂದನ್ನು ಜನ್ಮಸ್ಥಳವೆಂದು ತೋರಿಸುವ ಸಂಪ್ರದಾಯವೂ ಪ್ರಾಚೀನವೇ. ಆದರೂ ನಮ್ಮ ಬಯಲುಸೀಮೆಯ ಹಳೆಯ ಮನೆಗಳನ್ನು ಕಂಡವರಿಗೆ ಇದು ನಂಬತಕ್ಕ ಮಾತಾಗಿ ತೋರುತ್ತದೆ. ತಲೆಬಾಗಿಲು ದಾಟಿದರೆ ದನಗಳ ಅಂಕಣ, ಅದಕ್ಕಿಂತ ಒಂದು ಮೆಟ್ಟಿಲು ಎತ್ತರದಲ್ಲಿ ಪಡಸಾಲೆ. ನೆಂಟರು ಹೆಚ್ಚಾದ ರಾತ್ರಿ ಮಲಗಿದ್ದವರು ಸರಿದು ಸ್ಥಳ ಮಾಡಿಕೊಡುವುದು ಅಲ್ಲಿಯ ರೂಢಿ. ಹೀಗೆ ಓದಿದರೆ ಈ ಕಥೆ ಬಾಗಿಲು ಮುಚ್ಚಿದವರ ಕಥೆಯಾಗದೆ, ಇಕ್ಕಟ್ಟಿನಲ್ಲಿಯೂ ಸರಿದು ಕುಳಿತವರ ಕಥೆಯಾಗುತ್ತದೆ.

ಇನ್ನು ಕುರಿಗಾಹಿಗಳಿಗೆ ಕೇಳಿಸಿದ ಗಾನದ ವಿಚಾರ. ಅದರಲ್ಲಿ ಭೂಮಿಯ ಮೇಲೆ ನೆಲಸಬೇಕಾದ ಒಂದು ವಸ್ತುವಿನ ಮಾತು ಬರುತ್ತದೆ. ಇಂಗ್ಲಿಷಿನಲ್ಲಿ ಅದನ್ನು ‘ಪೀಸ್’ ಎನ್ನುತ್ತಾರೆ. ಯೆಹೂದ್ಯರು ಎದುರುಗೊಂಡಾಗ ಹೇಳುವ ‘ಶಾಲೋಮ್’ ಇದರ ಹಿಂದಿರುವ ಮಾತು. ಕೊರತೆಯಿಲ್ಲದೆ ಕೂಡಿಬಾಳುವ ಸ್ಥಿತಿ ಎಂಬುದು ಅದರ ಅರ್ಥ. ಕನ್ನಡ ಸತ್ಯವೇದವು ಇಲ್ಲಿ ‘ಶಾಂತಿ’ ಎನ್ನದೆ ‘ಸಮಾಧಾನ’ ಎಂಬ ಪದವನ್ನು ಆರಿಸಿಕೊಂಡಿದೆ. ಈ ಆಯ್ಕೆ ಬಹು ಉಚಿತವಾದುದೆಂದು ನನ್ನ ಅಭಿಪ್ರಾಯ. ಶಾಂತಿಯನ್ನು ಮನುಷ್ಯನು ಒಬ್ಬನೇ ಕುಳಿತು ಪಡೆಯಬಹುದು. ಜೋಗಿಮಟ್ಟಿಯ ನೆತ್ತಿಯ ಮೇಲೆ ಒಂದು ಸಂಜೆ ಕಳೆದವನಿಗೆ ಅದು ಸಿಕ್ಕೀತು. ಸಮಾಧಾನಕ್ಕಾದರೋ ಕನ್ನಡದಲ್ಲಿ ಇನ್ನೊಬ್ಬನು ಬೇಕು. ಅಳುವ ಮಗುವನ್ನು ಸಮಾಧಾನ ಮಾಡುತ್ತೇವೆ. ಮುನಿದವನನ್ನು ಸಮಾಧಾನ ಮಾಡುತ್ತೇವೆ. ಶುಭಾಶಯವನ್ನು ಹೇಳಬಹುದು, ಬರೆಯಬಹುದು, ಕಳುಹಿಸಬಹುದು. ಸಮಾಧಾನವನ್ನು ಎದ್ದುಹೋಗಿ ಮಾಡಬೇಕು.

ಕ್ರೈಸ್ತರ ಆರಾಧನೆಯಲ್ಲಿಯೂ ಈ ಅರ್ಥ ಉಳಿದುಬಂದಿದೆ. ಮೈಸೂರು ಸೀಮೆಯಲ್ಲಿ ಬಹುಕಾಲ ಕೆಲಸ ಮಾಡಿದ ವೆಸ್ಲಿಯನ್ ಮೆಥಡಿಸ್ಟರು, ಆಂಗ್ಲಿಕನ್ನರು, ಪ್ರೆಸ್ಬಿಟೇರಿಯನ್ನರು, ಕಾಂಗ್ರಿಗೇಷನಲ್ ಪಂಥದವರು ಸೇರಿ 1947ನೆಯ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಇಂಡಿಯಾ ಸಭೆಯಾಗಿ ಒಂದಾದರು. ಕ್ರಿಸ್ಮಸ್ಸನ್ನು ವೈಭವದಿಂದ ಆಚರಿಸುತ್ತಿದ್ದವರ ವಾರಸುದಾರರೂ ಅದನ್ನು ನಿಷೇಧಿಸಿದ್ದವರ ವಾರಸುದಾರರೂ ಹೀಗೆ ಒಂದೇ ಪಂಕ್ತಿಗೆ ಬಂದರು. ಆ ಸಭೆಯವರು 1950ರಲ್ಲಿ ಸಿದ್ಧಪಡಿಸಿದ ಪ್ರಭುಭೋಜನದ ಕ್ರಮದಲ್ಲಿ, ಬಹು ಸಭೆಗಳು ಬಿಟ್ಟುಬಿಟ್ಟಿದ್ದ ಒಂದು ಪುರಾತನ ಪದ್ಧತಿಯನ್ನು ಮತ್ತೆ ತಂದರು. ಸಮಾಧಾನದ ವಂದನೆಯೆಂಬುದು ಅದು. ಗುರುಗಳಿಂದ ಮೊದಲಾಗಿ ಒಬ್ಬರಿಂದ ಒಬ್ಬರಿಗೆ ಅದು ಸಾಗುತ್ತದೆ. ಕೊಡುವವನು ತನ್ನ ಬಲಗೈಯನ್ನು ತೆಗೆದುಕೊಳ್ಳುವವನ ಬಲಗೈಗೆ ಸೇರಿಸುತ್ತಾನೆ. ಇಬ್ಬರೂ ಎಡಗೈಯಿಂದ ಅದನ್ನು ಮುಚ್ಚುತ್ತಾರೆ. ಯಜ್ಞವೇದಿಯ ಮುಂದೆ ಕಾಣಿಕೆ ಇಡುವಾಗ ಸಹೋದರನ ಮುನಿಸು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಬಿಟ್ಟು, ಮೊದಲು ಹೋಗಿ ರಾಜಿಯಾಗಿ ಬರಬೇಕೆಂಬುದು ಯೇಸುವಿನ ಬೋಧನೆ. ಆ ಬೋಧನೆಯೇ ಇಲ್ಲಿ ಕೈಗಳ ಮೂಲಕ ಮಾತನಾಡುತ್ತದೆ.

ನನಗೆ ಈ ಅರ್ಥ ಪುಸ್ತಕದಿಂದ ಬರಲಿಲ್ಲ. ಕೆಲವು ವರ್ಷಗಳ ಹಿಂದೆ, ಕಾರ್ಡು ಬರೆಯುವ ಅಭ್ಯಾಸ ಇನ್ನೂ ಇದ್ದಾಗ, ನಮ್ಮ ಬೀದಿಯಲ್ಲಿದ್ದ ನಿವೃತ್ತ ಕ್ರೈಸ್ತ ಉಪಾಧ್ಯಾಯರೊಬ್ಬರಿಗೆ ವರ್ಷವೂ ಒಂದು ಕಳುಹಿಸುತ್ತಿದ್ದೆ. ಹಬ್ಬದ ದಿನ ಅವರ ಮನೆಯಿಂದ ಕರ್ಜಿಕಾಯಿ, ರವೆಯುಂಡೆಗಳ ತಟ್ಟೆ ನಮ್ಮ ಮನೆಗೆ ಬರುತ್ತಿತ್ತು. ಯುಗಾದಿಗೆ ನಮ್ಮ ತಟ್ಟೆ ಅವರಲ್ಲಿಗೆ ಹೋಗುತ್ತಿತ್ತು. ಒಂದು ವರ್ಷ ತಟ್ಟೆಯನ್ನು ತಾವೇ ಹಿಡಿದು ಬಂದರು. ಕುಳಿತು ನೀರು ಕುಡಿದು ಹೇಳಿದರು: “ಮೇಷ್ಟ್ರೇ, ನಿಮ್ಮ ಕಾರ್ಡೂ ನಿಮ್ಮ ಅಣ್ಣನವರ ಕಾರ್ಡೂ ಒಂದೇ ದಿನ ಬಂದವು. ಎರಡರಲ್ಲಿಯೂ ಲೋಕಕ್ಕೆ ಸಮಾಧಾನವನ್ನು ಕೋರಿದ್ದೀರಿ. ಎರಡನ್ನೂ ಒಂದೇ ಗೂಡಿನಲ್ಲಿ ಇಟ್ಟಿದ್ದೇನೆ. ತಪ್ಪಾಯಿತೆ?”

ನಾನು ಉತ್ತರ ಹೇಳಲಿಲ್ಲ. ತಂದೆಯವರ ಮನೆಯ ಪಾಲಿನ ವಿಷಯದಲ್ಲಿ, ಒಂದು ಗೋಡೆಯ ಸಲುವಾಗಿ, ನನಗೂ ನನ್ನ ಅಣ್ಣನಿಗೂ ಆರು ವರ್ಷಗಳಿಂದ ಮಾತಿರಲಿಲ್ಲ. ಅವನ ಮನೆ ಎರಡು ಬೀದಿಗಳ ಆಚೆ. ಅಷ್ಟು ವರ್ಷಗಳೂ ನಾನು ಊರಿನ ಅರ್ಧ ಜನಕ್ಕೆ ಹಬ್ಬದ ಹಾರೈಕೆ ಬರೆದಿದ್ದೆ.

ಆ ಸಂಜೆ ಹೋದೆ. ದಾರಿಯಲ್ಲಿ ಎರಡು ಸಲ ಹಿಂದಿರುಗಬೇಕೆನ್ನಿಸಿತು. ಬಾಗಿಲಲ್ಲಿ ನಿಂತಾಗ ಆಡಬೇಕೆಂದು ಕೂಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಅಣ್ಣನು ಸ್ವಲ್ಪ ಹೊತ್ತು ನನ್ನನ್ನು ನೋಡಿ, “ಚಳಿಯಲ್ಲಿ ಯಾಕೆ ನಿಂತಿದ್ದೀಯೆ, ಒಳಗೆ ಬಾ” ಎಂದನು. ಗೋಡೆಯ ವ್ಯಾಜ್ಯ ಅಂದು ಮುಗಿಯಲಿಲ್ಲ. ಮುಗಿಯಲು ಮತ್ತೆರಡು ವರ್ಷ ಹಿಡಿಯಿತು. ಆದರೆ ಆ ಎರಡು ವರ್ಷವೂ ನಾವು ಮಾತನಾಡಿಕೊಂಡೇ ಜಗಳವಾಡಿದೆವು.

ಇದನ್ನು ಹೇಳಿದುದು ಎಲ್ಲ ಜಗಳವೂ ಒಂದು ಹಬ್ಬದಿಂದ ಕೊನೆಗಾಣುವುದೆಂದಲ್ಲ. 1914ರ ಕ್ರಿಸ್ಮಸ್ಸಿನಂದು ಫ್ಲಾಂಡರ್ಸಿನ ರಣಭೂಮಿಯಲ್ಲಿ ಇಂಗ್ಲಿಷ್ ಮತ್ತು ಜರ್ಮನ್ ಸಿಪಾಯಿಗಳು ಕಂದಕಗಳಿಂದ ಹೊರಬಂದು ಕೈಕುಲುಕಿ ಹಬ್ಬದ ಮಾತನಾಡಿದರು. ತಮ್ಮ ತಮ್ಮ ಸತ್ತವರನ್ನು ಹೂಳಿದರು. ಆಮೇಲೆ ಯುದ್ಧ ಇನ್ನೂ ನಾಲ್ಕು ವರ್ಷಗಳಷ್ಟು ಕಾಲ ನಡೆಯಿತು. ಹಾರೈಕೆಗೆ ಯುದ್ಧವನ್ನು ನಿಲ್ಲಿಸುವ ಬಲವಿರಲಿಲ್ಲ. ಆದರೂ ಎದುರಿಗಿದ್ದವನು ಮನುಷ್ಯನೆಂಬುದನ್ನು ಅದು ಒಂದು ದಿನ ತೋರಿಸಿಕೊಟ್ಟಿತು. ಆ ದಿನವನ್ನು ಲೋಕ ಇನ್ನೂ ಮರೆತಿಲ್ಲ.

ಕ್ರೈಸ್ತರಲ್ಲದವರು ಈ ಶುಭಾಶಯವನ್ನು ಹೇಳಬಹುದೆ ಎಂದು ನನ್ನ ವಿದ್ಯಾರ್ಥಿಗಳು ಕೇಳುವುದುಂಟು. ಧಾರಾಳವಾಗಿ ಹೇಳಬಹುದು. ಮೊದಲನೆಯ ಹಾರೈಕೆಯನ್ನು ಕೇಳಿದ ಕುರಿಗಾಹಿಗಳನ್ನು ನೀವು ಯಾರು, ಯಾವ ಮತದವರು ಎಂದು ಯಾರೂ ವಿಚಾರಿಸಿದಂತೆ ಕಥೆಯಲ್ಲಿಲ್ಲ. ಆದರೆ ಹೇಳುವ ಮೊದಲು ಒಂದು ಕ್ಷಣ ಯೋಚಿಸುವುದು ಒಳ್ಳೆಯದು. ನಾವು ಬರೆಯುವ ಹೆಸರುಗಳ ಪಟ್ಟಿಯಲ್ಲಿ ಬಿಟ್ಟುಹೋದ ಹೆಸರು ಯಾವುದು? ಬಹುಶಃ ಈ ಶುಭಾಶಯ ಮೊದಲು ಸಲ್ಲಬೇಕಾದುದು ಆ ಮನೆಗೇ. ಅಲ್ಲಿಗೆ ಅಂಚೆಯೂ ಬೇಡ, ಮೊಬೈಲೂ ಬೇಡ. ಕಂಬಳಿಯೊಂದನ್ನು ಹೊದ್ದು ನಡೆದು ಹೋದರೆ ಸಾಕು.