ಕಡಲ ತಳದ ಮೀನಿನ ಮನೆ

"ಅವ್ವಾ, ನೇತ್ರಾಣಿಗೆ ಹೋಗಿ ಸಮುದ್ರದಾಗ ಮುಳುಗಿ ಬರ್ತೀನಿ" ಎಂದು ಮಗಳು ಅಂದಾಗ ಲಟ್ಟಣಿಗೆ ಕೈಯಲ್ಲೇ ನಿಂತಿತು. ಹಾನಗಲ್ಲಿನ ಆನೆಕೆರೆಯ ದಂಡೆಗೂ ಅವಳನ್ನು ಒಬ್ಬಳೇ ಬಿಟ್ಟವಳಲ್ಲ ನಾನು!

"ಮುಳುಗಿದ ಹಡಗು ಐತೇನು ಅಲ್ಲಿ?" ಅಂದೆ. ಇಲ್ಲವಂತೆ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ಆ ನಡುಗಡ್ಡೆಯ ಸುತ್ತ ಇರುವುದು ತಾನಾಗಿ ಬೆಳೆದ ಹವಳ. ಅಮೆರಿಕದವರು ಮಾತ್ರ 2006ರಲ್ಲಿ ಫ್ಲಾರಿಡಾದ ಬಳಿ 'ಒರಿಸ್ಕನಿ' ಎಂಬ ಹಳೇ ಯುದ್ಧನೌಕೆಯನ್ನು, ಎಣ್ಣೆ ತೆಗೆದು ತೊಳೆದು, ಬೇಕೆಂದೇ ಮುಳುಗಿಸಿದರು. ಕಬ್ಬಿಣಕ್ಕೆ ಚಿಪ್ಪು, ಹವಳ ಅಂಟಿದವು. ಮೀನುಗಳು ಬಂದು ಸಂಸಾರ ಹೂಡಿದವು. ಜನ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ನೋಡಲು ಇಳಿಯುತ್ತಾರೆ.

ಮಗಳನ್ನು ಕಳಿಸುವ ತಾಯಂದಿರು ಇಷ್ಟು ತಿಳಿದಿರಿ: ನೀರೊಳಗೆ ಉಸಿರು ಹಿಡಿಯಬಾರದು, ಹಿಡಿದು ಮೇಲೆ ಬಂದರೆ ಶ್ವಾಸಕೋಶಕ್ಕೇ ಅಪಾಯ. ನೆಗಡಿಯಿದ್ದರೆ ಇಳಿಯಲೇಬಾರದು, ಕಿವಿ ಕೆಡುತ್ತದೆ.

ಸಂಜೆ ಬಂದವಳು "ಗಿಳಿಮೀನು ಕಂಡೆ" ಅಂದಳು. ನಾನು ಮೊದಲು ಅವಳ ತಲೆ ಒರೆಸಿದೆ.