ಟೈರು ಕಚ್ಚುವ ಗಳಿಗೆ

ಯಳಂದೂರು ದಾಟಿ ಹೊನ್ನುಹೊಳೆಯ ಬಯಲಿಗೆ ಇಳಿದರೆ ಕಣ್ಣಿಗಿಂತ ಮೊದಲು ಮೂಗಿಗೆ ಕೆಲಸ. ಆಗ ತಾನೇ ಕಡಿದ ಕಬ್ಬಿನ ಹಸಿ ಸಿಹಿ, ಎಲ್ಲೋ ಕುದಿಯುತ್ತಿರುವ ಆಲೆಮನೆಯ ಕೊಪ್ಪರಿಗೆಯಿಂದ ತೇಲಿಬಂದ ಬೆಲ್ಲದ ಹೊಗೆ, ರಾತ್ರಿಯೆಲ್ಲ ನೀರು ಕುಡಿದ ಪಕ್ಕದ ಗದ್ದೆಯ ಕೆಸರು, ಇವೆಲ್ಲದರ ಮೇಲೆ ಸಣ್ಣಗೆ ಡೀಸೆಲ್ಲು. ಬಿಸಿಲು ಇನ್ನೂ ತೆಂಗಿನ ಗರಿಗಳಿಂದ ಕೆಳಗೆ ಇಳಿದಿಲ್ಲ. ಬದುವಿನ ಮೇಲೆ ಹೀಗೆ ಸ್ವಲ್ಪ ಪಕ್ಕಕ್ಕೆ ನಿಲ್ಲಿ. ಗದ್ದೆಯ ನಡುವೆ ನಿಂತಿರುವ ಟ್ರಾಕ್ಟರು ಹೊರಡುವ ಹೊತ್ತಾಗಿದೆ.

ಅದರ ಹಿಂದೆ ಕಟ್ಟಿದ ಟ್ರೇಲರಿನ ಮೇಲೆ ಕಬ್ಬು ಆಳೆತ್ತರಕ್ಕೂ ಮೀರಿ ಪೇರಿಕೊಂಡಿದೆ. ಹೋಗಬೇಕಾದದ್ದು ಕುಂತೂರಿನ ಸಕ್ಕರೆ ಕಾರ್ಖಾನೆಗೆ. ಅಲ್ಲಿಯವರೆಗಿನ ದಾರಿಯದ್ದೇನೂ ಚಿಂತೆಯಿಲ್ಲ, ಚಿಂತೆಯೆಲ್ಲ ಮೊದಲ ಹತ್ತು ಹೆಜ್ಜೆಯದು. ಗದ್ದೆಯಿಂದ ದಾರಿಗೆ ಏರುವ ಕಡೆ ಮಣ್ಣು ಮೆದು, ಏರು ಕಡಿದು. ಡ್ರೈವರು ಸೀಟಿನ ಮೇಲೆ ಕೂರುವ ಬದಲು ಕೆಳಗಿಳಿದು ಹಿಮ್ಮಡಿಯಿಂದ ನೆಲ ಒತ್ತಿ ನೋಡುತ್ತಾನೆ. ಕಾಲು ಎತ್ತಿದ ಗುಳಿಯಲ್ಲಿ ನೀರು ಒಸರುತ್ತದೆ. ಏನೂ ಹೇಳದೆ ಕೈ ಬೀಸುತ್ತಾನೆ. ಕಡಿಯುವ ಆಳುಗಳು ಒಣಗಿದ ರವದಿಯನ್ನು ತೋಳ್ತುಂಬ ತಬ್ಬಿ ತಂದು ಚಕ್ರದ ಮುಂದೆ ಹಾಸುತ್ತಾರೆ. ಇಬ್ಬರು ಬಂಪರಿನ ಬಳಿ ಹೋಗಿ ಕಬ್ಬಿಣದ ತೂಕಗಳು ಸರಿಯಾಗಿ ಕೂತಿವೆಯೇ ಎಂದು ಅಲುಗಾಡಿಸಿ ನೋಡುತ್ತಾರೆ. ಹೊರಡುವ ಹೊತ್ತಿಗೆ ಹಿಂದಿನ ಭಾರ ಜಗ್ಗಿ ಟ್ರಾಕ್ಟರಿನ ಮೂತಿ ಮೇಲೇಳುತ್ತದೆ, ಮೂತಿ ಎದ್ದರೆ ಸ್ಟೇರಿಂಗು ಕೈಯಲ್ಲಿದ್ದೂ ಇಲ್ಲದ ಹಾಗೆ. ಎಳೆಯುವ ಕೊಂಡಿ ಎತ್ತರದಲ್ಲಿದ್ದರಂತೂ ಗಾಡಿ ಹಿಂದಕ್ಕೇ ಮಗುಚುವ ಭಯ.

ಎಂಜಿನ್ನಿನ ಸದ್ದು ಏರುವುದಿಲ್ಲ, ಗಮನಿಸಿ. ಹೊಸಬರು ಎಡವುವುದು ಇಲ್ಲಿಯೇ. ಲೋ ಗೇರಿನಲ್ಲಿ, ಹದವಾದ ಗುಡುಗುಡು ಸದ್ದಿನಲ್ಲಿ, ಅವನು ಕ್ಲಚ್ಚನ್ನು ತುಂಬಿದ ಕೊಡ ಸೊಂಟದಿಂದ ಇಳಿಸುವ ಹಾಗೆ ಬಿಡುತ್ತಾನೆ. ಹಿಂದಿನ ದೊಡ್ಡ ಚಕ್ರ ಕಾಲು ಸುತ್ತು ತಿರುಗುತ್ತದೆ, ಅದರ ಓರೆ ಪಟ್ಟಿಗಳ ನಡುವೆ ತುಂಬಿದ ಕೆಸರು ಪಿಚಕ್ಕೆಂದು ಹೊರಬೀಳುತ್ತದೆ, ರವದಿ ಚರಚರ ಮುರಿಯುತ್ತದೆ. ಎಡ ಚಕ್ರ ಕಚ್ಚಿತು. ಬಲದ್ದು ಮಾತ್ರ ಇದ್ದಲ್ಲೇ ಸುತ್ತತೊಡಗಿತು. ಒಂದು ಚಕ್ರ ಹಗುರಾದರೆ ಎಂಜಿನ್ನಿನ ತಿರುವೆಲ್ಲ ಆ ಹಗುರದ ಕಡೆಗೇ ಹರಿದುಹೋಗುವುದು ಡಿಫರೆನ್ಷಿಯಲ್ಲಿನ ಹಳೆಯ ಜಾಯಮಾನ. ಅದಕ್ಕೆಂದೇ ಅವನ ಹಿಮ್ಮಡಿಯ ಬಳಿ ಒಂದು ಪುಟ್ಟ ಪೆಡಲು ಇದೆ, ಡಿಫರೆನ್ಷಿಯಲ್ ಲಾಕಿನದು. ಅದನ್ನು ಒತ್ತಿದೊಡನೆ ಎರಡೂ ಚಕ್ರ ಒಂದೇ ಅಚ್ಚಿಗೆ ಬೆಸೆದುಕೊಂಡು ಒಟ್ಟಿಗೆ ತಿರುಗುತ್ತವೆ. ಟ್ರೇಲರು ಕಿರುಗುಟ್ಟುತ್ತದೆ, ಇಡೀ ರಾಶಿ ಒಮ್ಮೆ ತೂಗಿ ಮೇಲೇರುತ್ತದೆ. ದಾರಿಗೆ ತಿರುಗುವ ಮುನ್ನ ಹಿಮ್ಮಡಿ ಪೆಡಲಿನಿಂದ ಎದ್ದಿರುತ್ತದೆ. ಎದ್ದಿರದಿದ್ದರೆ ಗಾಡಿ ತಿರುಗದೆ ನೇರ ಎದುರಿನ ಕಾಲುವೆಗೆ.

ಆ ದೊಡ್ಡ ಟೈರನ್ನು ಒಮ್ಮೆ ತಟ್ಟಿ ನೋಡಿದರೆ ಟೊಳ್ಳು ಸದ್ದು ಬರುವುದಿಲ್ಲ. ಒಳಗೆ ಗಾಳಿಯ ಜೊತೆ ನೀರಿದೆ. ವಾಲ್ವನ್ನು ಚಕ್ರದ ನೆತ್ತಿಗೆ ತಂದು ಅಲ್ಲಿಯವರೆಗೆ ನೀರು ಬಿಟ್ಟರೆ ಟೈರಿನ ನಾಲ್ಕರಲ್ಲಿ ಮೂರು ಪಾಲು ತುಂಬುತ್ತದೆ. ಉಳಿದ ಪಾಲು ಗಾಳಿಗೆ. ಎಳೆಯುವ ಚಕ್ರದ ಮೇಲೆ ಖರ್ಚಿಲ್ಲದೆ ಭಾರ ಕೂರಿಸುವ ಉಪಾಯ ಇದು. ಇಷ್ಟೆಲ್ಲ ಮಾಡಿದರೂ ಚಕ್ರ ಒಂದಿಷ್ಟೂ ಜಾರಬಾರದು ಎಂದು ಯಾರೂ ಬಯಸುವುದಿಲ್ಲ. ಗಟ್ಟಿ ನೆಲದಲ್ಲಿ ನೂರಕ್ಕೆ 8ರಿಂದ 10, ಉತ್ತ ಮೆದು ನೆಲದಲ್ಲಿ 15ರ ಆಸುಪಾಸು ಜಾರಿದರೆ ಟ್ರಾಕ್ಟರು ತನ್ನ ಪೂರ್ತಿ ಕಸುವಿನಲ್ಲಿ ಎಳೆಯುತ್ತಿದೆ ಎಂದೇ ಲೆಕ್ಕ. ಅದಕ್ಕಿಂತ ಹೆಚ್ಚಾದರೆ ಡೀಸೆಲ್ಲು ಸುಟ್ಟು ಗುಂಡಿ ತೋಡಿದ್ದಷ್ಟೇ ಲಾಭ.

ಈ ನೂರಕ್ಕೆ ಹತ್ತು ಹದಿನೈದರ ಲೆಕ್ಕವನ್ನು ನೆನಪಿನಲ್ಲಿಟ್ಟುಕೊಂಡೇ ಕೊಳ್ಳೇಗಾಲಕ್ಕೆ ಬನ್ನಿ. 1956ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಊರು ಇದು. ಬೆಂಗಳೂರಿನಿಂದ ಕನಕಪುರ, ಮಳವಳ್ಳಿ ಹಾಯ್ದು ಕೊಯಮತ್ತೂರಿಗೆ ಹೋಗುವ 948ನೇ ಹೆದ್ದಾರಿ ಇವತ್ತಿಗೂ ಇದರ ಮೈಮೇಲೆಯೇ ಹರಿಯುತ್ತದೆ. ರೇಷ್ಮೆ ಸೀರೆಯ ಅಂಗಡಿಗಳ ಸಾಲು ಮುಗಿದು ಪಂಕ್ಚರ್ ಅಂಗಡಿ, ವೆಲ್ಡಿಂಗು, ರೀಟ್ರೇಡಿಂಗಿನ ಸಾಲು ಶುರುವಾಗುವಲ್ಲಿ ಗಾಳಿಯ ಬಣ್ಣವೇ ಬೇರೆ. ಬಿಸಿ ರಬ್ಬರು, ಸೊಲ್ಯೂಷನ್ನು, ಕಾದ ಕಬ್ಬಿಣ. ಕಂಪ್ರೆಸರು ದಡದಡ ಅಂದು ಸುಮ್ಮನಾಗುತ್ತದೆ, ಸುಮ್ಮನಾದೊಡನೆ ಪಕ್ಕದ ಹೋಟೆಲಿನ ದೋಸೆಯ ಚುಂಯ್ ಕೇಳಿಸುತ್ತದೆ. ಗೋಡೆಗೆ ಒರಗಿಸಿಟ್ಟ ಲಾರಿ ಟೈರುಗಳಲ್ಲಿ ಮುಂದಿನ ಚಕ್ರದ್ದಕ್ಕೆ ಉದ್ದುದ್ದ ಗೀರು, ಅದು ರಿಬ್. ಹಿಂದಿನದ್ದಕ್ಕೆ ಅಡ್ಡಡ್ಡ ಗಡ್ಡೆ, ಅದು ಲಗ್. ತಿರುಗಿಸುವ ಕೆಲಸ ಒಬ್ಬನದು, ತಳ್ಳುವ ಕೆಲಸ ಇನ್ನೊಬ್ಬನದು.

ಮಧ್ಯಾಹ್ನದ ಬಿಡುವಿನಲ್ಲಿ ಗ್ಯಾರೇಜಿನ ಹುಡುಗರು ಒಂದು ಮೊಬೈಲಿನ ಸುತ್ತ ತಲೆ ಸೇರಿಸಿದ್ದಾರೆ. ಡ್ರ್ಯಾಗ್ ರೇಸಿನ ವಿಡಿಯೊ. ಎರಡು ಕಾರು, ನೇರ ದಾರಿ, ಹಸಿರು ದೀಪ. ಕಾಲು ಮೈಲಿ, ಅಂದರೆ 402 ಮೀಟರು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದೇ ಹೋಗುತ್ತದೆ. ಹೊರಡುವ ಮುಂಚೆ ಒಂದು ಕಾರು ನಿಂತಲ್ಲೇ ಚಕ್ರ ತಿರುಗಿಸಿ ಪರದೆಯೆಲ್ಲ ಬಿಳಿ ಹೊಗೆ ಮಾಡುತ್ತದೆ, ಹುಡುಗರು ಓಹೋ ಎನ್ನುತ್ತಾರೆ. ದುರಸ್ತಿಗೆ ನಿಂತ ಕಾರಿನ ಅಡಿಯಿಂದ ಹಿರಿಯ ಮೆಕ್ಯಾನಿಕನ ಕಾಲು ಮಾತ್ರ ಕಾಣುತ್ತಿತ್ತು; ಈಗ ಮಾತೂ ಬರುತ್ತದೆ: 'ಅಷ್ಟ್ ಹೊಗ ಬಂದ್ರ ಗಾಡಿ ಎಲ್ಲಿ ಹೋಯ್ತದ್ಲಾ? ಟೈರ್ ಹೋಯ್ತದ ಅಷ್ಟೆ.'

ಅರ್ಧ ನಿಜ. ರೇಸಿಗೆಂದೇ ಮಾಡಿದ ಮೆತ್ತನೆ ರಬ್ಬರಿನ ಟೈರು ಬಿಸಿಯಾದರೆ ಅಂಟುತ್ತದೆ, ಅದಕ್ಕೆ ಆ ಹೊಗೆ ಬೇಕು. ಮನೆಯಿಂದ ಓಡಿಸಿಕೊಂಡು ಬಂದ ಮಾಮೂಲಿ ಟೈರಿಗೆ ಅದೇ ಉಪಚಾರ ಮಾಡಿದರೆ ಮೇಲ್ಮೈ ಜಿಡ್ಡಾಗಿ ಇದ್ದ ಹಿಡಿತವೂ ಹೋಗುತ್ತದೆ. ಅದಕ್ಕೆ ಸಾಕಾಗುವುದು ಒಂದೆರಡು ಕ್ಷಣದ ತಿರುವು, ಗೀರಿನಲ್ಲಿ ಸಿಕ್ಕಿದ ಕಲ್ಲು ದೂಳು ಉದುರುವಷ್ಟು. ರೇಸಿನ ಟೈರುಗಳಿಗಾಗಿ ನೀರು ಚೆಲ್ಲಿಟ್ಟ ಜಾಗವನ್ನು ಇವು ತಪ್ಪಿಸಿಕೊಂಡೇ ಹೋಗಬೇಕು. ಗೀರಿನೊಳಗೆ ಕೂತ ನೀರು ಹೊರಡುವ ಗೆರೆಯವರೆಗೂ ಜೊತೆಗೆ ಬಂದು ಅಲ್ಲೇ ತೊಟ್ಟಿಕ್ಕುತ್ತದೆ.

402 ಮೀಟರಿನ ಹಣೆಬರಹ ಬಹುಪಾಲು ಮೊದಲ 60 ಅಡಿಯಲ್ಲೇ ಬರೆದುಹೋಗಿರುತ್ತದೆ. ಅಲ್ಲಿ ಉಳಿಸಿದ ಒಂದು ಸೆಕೆಂಡಿನ ಹತ್ತನೇ ಪಾಲು ಕೊನೆಯ ಗೆರೆಯಲ್ಲಿ ಒಂದೂವರೆಯಾಗಿ, ಕೆಲವೊಮ್ಮೆ ಎರಡಾಗಿ ಮರಳುತ್ತದೆ. ಆ 18 ಮೀಟರಿನಲ್ಲಿ ನಡೆಯುವುದು ಹೊನ್ನುಹೊಳೆಯ ಬಯಲಿನಲ್ಲಿ ನೀವು ನೋಡಿದ ಕಸರತ್ತೇ. ಒಣ ಟಾರಿನ ಮೇಲೂ ರಬ್ಬರು ತನ್ನ ಗರಿಷ್ಠ ಹಿಡಿತ ತೋರುವುದು ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ಜಾರುವಾಗ. ಆ ಮಿತಿ ದಾಟಿ ಸುಮ್ಮನೆ ಸುತ್ತತೊಡಗಿದರೆ ಹಿಡಿತ ಇಳಿಮುಖ. ಆದ್ದರಿಂದ ಜಾಣರು ಎಂಜಿನ್ನನ್ನು ಕಿರಿಚಿಸುವುದಿಲ್ಲ. ಚಕ್ರ ಸುತ್ತಿದರೆ ಮುಂದಿನ ಬಾರಿ ಕಡಿಮೆ ತಿರುವಿನಲ್ಲಿ ಹೊರಡುತ್ತಾರೆ, ಎಂಜಿನ್ನು ಮುಕ್ಕರಿಸಿದರೆ ಸ್ವಲ್ಪ ಹೆಚ್ಚಿನಲ್ಲಿ. ಎರಡರ ನಡುವಿನ ಹದ ಎಡಗಾಲಿಗೆ ಮಾತ್ರ ಗೊತ್ತು.

ಅಷ್ಟರಲ್ಲಿ ಬಿಳಿ ಸ್ವಿಫ್ಟೊಂದು ಗಾಳಿಗೆ ಬಂದು ನಿಂತಿದೆ. ಮೀಟರಿನ ಮುಳ್ಳು 32ರ ಬಳಿ ಮಿಸುಕುತ್ತದೆ. ಹುಡುಗರಲ್ಲೊಬ್ಬ, ರೇಸಿನವರು ಎಳೆಯುವ ಚಕ್ರದಲ್ಲಿ ಇಪ್ಪತ್ತು ಚಿಲ್ಲರೆಗೆ ಇಳಿಸುತ್ತಾರೆ ಎಂದು ತಿಳಿದುಕೊಂಡಿದ್ದಾನೆ. ಇಳಿಸುವುದು ಹೌದು. ಟೈರು ಚಪ್ಪಟೆಯಾಗಿ ನೆಲಕ್ಕೆ ಹೆಚ್ಚು ಅಂಗಾಲು ಊರುತ್ತದೆ. ಆದರೆ ಒಂದೊಂದೇ ಪಾಯಿಂಟು ಇಳಿಸಿ, ಓಡಿಸಿ, ನೋಡಿ ಇಳಿಸುವುದು. ತೀರಾ ಇಳಿದರೆ ನಡುವಿನ ಭಾಗ ಮೇಲಕ್ಕೆ ಬಾಗಿ ಅಂಚು ಮಾತ್ರ ಊರುತ್ತದೆ. ಮನೆಗೆ ಹೊರಡುವ ಮುನ್ನ ಮತ್ತೆ ಪೂರ್ತಿ ತುಂಬಿಸದೆ ಹೆದ್ದಾರಿ ಹತ್ತಿದರೆ ಪಕ್ಕೆ ಕಾದು ಟೈರು ಸಿಡಿಯಬಹುದು. ಸವೆದು ನುಣ್ಣಗಾದ ಟೈರು ಒಣ ನೆಲದಲ್ಲಿ ಚೆನ್ನಾಗಿ ಕಚ್ಚುತ್ತದೆಂಬ ಮಾತೂ ಇಂಥ ಗ್ಯಾರೇಜುಗಳಲ್ಲಿ ಓಡಾಡುತ್ತದೆ. ಟ್ರ್ಯಾಕಿನ ಮಟ್ಟಿಗೆ ಅದರಲ್ಲಿ ಹುರುಳಿದೆ, ಆದರೆ ಮಳೆ ಹನಿದ ಗಳಿಗೆಯಿಂದ ಇಲ್ಲ. ರಸ್ತೆಯ ಕಾನೂನಿಗೆ 1.6 ಮಿಲಿಮೀಟರು ಗೀರು ಉಳಿದಿರಲೇಬೇಕು.

ಸ್ವಿಫ್ಟಿಗೆ ಇನ್ನೊಂದು ಹುಟ್ಟು ಸಂಕಟವಿದೆ. ಅದನ್ನು ಎಳೆಯುವುದು ಮುಂದಿನ ಚಕ್ರ. ಸಾವಿರ ಕಿಲೋ ತೂಗುವ, ಎರಡು ಅಚ್ಚುಗಳ ನಡುವೆ 2.4 ಮೀಟರು ಅಂತರವಿರುವ, ಭಾರದ ನಡುಬಿಂದು ನೆಲದಿಂದ ಅರ್ಧ ಮೀಟರು ಮೇಲಿರುವ ಕಾರು ಜೋರಾಗಿ ಚಿಮ್ಮಿದರೆ ಎಂಬತ್ತು ಕಿಲೋದಷ್ಟು ಭಾರ ಮುಂದಿನಿಂದ ಹಿಂದಕ್ಕೆ ಸರಿಯುತ್ತದೆ. ಒಬ್ಬ ದಪ್ಪ ಆಸಾಮಿ ಬಾನೆಟ್ಟಿನಿಂದ ಎದ್ದು ಡಿಕ್ಕಿಗೆ ಹೋಗಿ ಕೂತಷ್ಟು. ಹಿಂದಿನ ಚಕ್ರ ತಳ್ಳುವ ಬೊಲೆರೊ, ಹಳೆಯ ಅಂಬಾಸಿಡರು, ಓಮ್ನಿಗೆ ಇದು ವರ, ಮುಂದಿನ ಚಕ್ರ ಎಳೆಯುವವಕ್ಕೆ ಶಾಪ. ಅದಕ್ಕೇ ಅಂಥ ಕಾರಿನವರು ಹಿಂದಿನ ಸ್ಪ್ರಿಂಗನ್ನು ಬಿರುಸು ಮಾಡಿ ಅದರ ತಿಕ ಕೂರದಂತೆ ನೋಡಿಕೊಳ್ಳುತ್ತಾರೆ, ಸ್ಟೆಪ್ನಿ ಜಾಕಿಗಳನ್ನು ಕೆಳಗಿಳಿಸುತ್ತಾರೆ, ಹಿಂದಿನ ಟೈರಿನ ಗಾಳಿಯನ್ನು ಮುಟ್ಟುವುದಿಲ್ಲ. ಟ್ರಾಕ್ಟರಿನ ಹಿಮ್ಮಡಿ ಪೆಡಲಿನ ಬದಲು ತಾನೇ ಬಿಗಿಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹಾಕಿಸುವವರೂ ಉಂಟು, ಜೇಬು ದಪ್ಪಗಿದ್ದರೆ.

ಇದಕ್ಕೆಲ್ಲ ಜಾಗ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈನ ಟ್ರ್ಯಾಕು. ರಾಷ್ಟ್ರೀಯ ಡ್ರ್ಯಾಗ್ ಚಾಂಪಿಯನ್‌ಷಿಪ್ ಅಲ್ಲಿ ನಡೆಯುತ್ತದೆ, ಬೈಕುಗಳಲ್ಲಿ ಬೆಂಗಳೂರಿನ ಹೇಮಂತ್ ಮುದ್ದಪ್ಪ ಮತ್ತೆ ಮತ್ತೆ ಗೆದ್ದದ್ದು ಅಲ್ಲಿಯೇ. ಮಧುವನಹಳ್ಳಿಯ ನೇರ ರಸ್ತೆಯಲ್ಲಿ ಪ್ರಯತ್ನಿಸಿದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಮು ಕಾದಿದೆ: ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಸಜೆ, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಾಯ್ದೆಗಿಂತ ಮೊದಲು ರಾಗಿ ಒಕ್ಕಣೆಗೆ ಹಾಸಿದ ಹುಲ್ಲೋ ದಾರಿ ದಾಟುವ ಮೇಕೆಯೋ ಸಿಕ್ಕೀತು.

ಸಂಜೆಯ ಬಸ್ಸು ಹನೂರಿನತ್ತ. ಕಾಮಗೆರೆ ದಾಟಿದಂತೆ ಗದ್ದೆಯ ಹಸಿರು ಹಿಂದುಳಿದು ಜೋಳ, ರಾಗಿ, ಕೆಂಪು ಮಣ್ಣು, ದೂರದಲ್ಲಿ ನೀಲಿ ಬೆಟ್ಟದ ಸಾಲು. ಕೌದಳ್ಳಿಯಲ್ಲಿ ಹತ್ತಿದ ಪರಸೆಯವರ ಚೀಲದಿಂದ ಪುರಿ, ಬಾಳೆಹಣ್ಣಿನ ವಾಸನೆ. ತಾಳಬೆಟ್ಟದಲ್ಲಿ ನಿಂತ ಬಸ್ಸಿನಿಂದ 'ಉಘೇ ಮಾದಪ್ಪ' ಎಂಬ ಕೂಗು ಎದ್ದದ್ದೇ ಡ್ರೈವರು ಗೇರು ಇಳಿಸುತ್ತಾನೆ. ಇಲ್ಲಿಂದ ಮಾದಪ್ಪನ ಬೆಟ್ಟದ ಘಾಟು.

ಹಿಂಗಾರಿನ ಮೊದಲ ಹನಿ ಬಿದ್ದಿದೆ. ಜೋರು ಮಳೆಗಿಂತ ಇದು ಕೆಟ್ಟದ್ದು. ಮಳೆಯಿಲ್ಲದ ದಿನಗಳಲ್ಲಿ ಕೂತ ಎಣ್ಣೆ, ದೂಳು, ಸವೆದ ರಬ್ಬರು ನೀರಿನಲ್ಲಿ ಕಲಸಿ ಟಾರಿನ ಮೇಲೆ ತೆಳ್ಳಗೆ ಲೇಪವಾಗುತ್ತದೆ, ತೊಳೆದುಹೋಗುವಷ್ಟು ಮಳೆ ಬರುವತನಕ. ಕಡಿದಾದ ತಿರುವಿನಲ್ಲಿ ಮೇಲಿನಿಂದ ಒಂದು ಲಾರಿ ಇಳಿದು ಬರುತ್ತದೆ, ನಮ್ಮ ಬಸ್ಸು ಏರಿನಲ್ಲೇ ನಿಲ್ಲಬೇಕು. ಮತ್ತೆ ಹೊರಡುವುದನ್ನು ಕಿವಿಯಿಂದ ನೋಡಿ. ಹ್ಯಾಂಡ್‌ಬ್ರೇಕು ಬಿಗಿ, ಎಂಜಿನ್ನಿನ ಸದ್ದು ಒಂದು ಗೇಣು ಏರಿ, ಕ್ಲಚ್ಚು ಕಚ್ಚಿದೊಡನೆ ತಗ್ಗುತ್ತದೆ. ಆ ತಗ್ಗಿದ ಸದ್ದಿಗೆ ಸರಿಯಾಗಿ ಹ್ಯಾಂಡ್‌ಬ್ರೇಕು ಬಿಡುಗಡೆ. ಬಸ್ಸು ಒಂದಂಗುಲವೂ ಹಿಂದೆ ಸರಿಯುವುದಿಲ್ಲ. ಹಿಂದಿನ ಜೋಡಿ ಚಕ್ರಗಳ ಮೇಲೆ ಕಿಕ್ಕಿರಿದ ಜನ ಕೂತಿದ್ದಾರಲ್ಲ, ಏರಿನಲ್ಲಿ ಆ ತೂಕವೆಲ್ಲ ಹಿಂದಕ್ಕೇ ವಾಲುತ್ತದೆ. ಖಾಲಿ ಬಸ್ಸಾಗಿದ್ದರೆ ಇದೇ ತಿರುವು ಇನ್ನಷ್ಟು ಸತಾಯಿಸುತ್ತಿತ್ತು.

ಮೇಲೆ, ವಾಹನ ನಿಲ್ಲಿಸುವ ಮಣ್ಣಿನ ಜಾಗದಲ್ಲಿ ಬೆಂಗಳೂರಿನ ಕಾರೊಂದು ಸಿಕ್ಕಿಹಾಕಿಕೊಂಡಿದೆ. ಇಳಿಜಾರಿನ ತುದಿಗೆ ಇಳಿದುಬಿಟ್ಟಿದೆ, ರಸ್ತೆಗೆ ಏರಲಾಗುತ್ತಿಲ್ಲ. ಮುಂದಿನ ಚಕ್ರ ಗುಂಯ್ ಎಂದು ಸುತ್ತಿ ಕೆಸರನ್ನು ಹಿಂದೆ ನಿಂತವರ ಪಂಚೆಗೆ ಎರಚುತ್ತದೆ. ತಳ್ಳಲು ಬಂದವರು ಡಿಕ್ಕಿಯ ಮೇಲೆ ಭಾರ ಬಿಟ್ಟು ತಳ್ಳುತ್ತಿದ್ದಾರೆ. ಅದರಿಂದ ಮೂತಿ ಇನ್ನೂ ಹಗುರ. ಟೀ ಲೋಟ ಹಿಡಿದು ನೋಡುತ್ತಿದ್ದ ಟೆಂಪೊ ಡ್ರೈವರೊಬ್ಬ ಹತ್ತಿರ ಬಂದು ಕಿಟಕಿ ತಟ್ಟುತ್ತಾನೆ. 'ತಿರುಗಿಸ್ಕಳಿ ಸಾ, ರಿವರ್ಸಲ್ಲಿ ಹತ್ಸಿ. ವಸಿ ನಿಧಾನಕ್ಕ ಬುಡಿ.' ಕಾರಿನವನಿಗೆ ಅಷ್ಟು ನಂಬಿಕೆ ಬಂದಂತಿಲ್ಲ, ಆದರೂ ಕೆಳಗಿನ ಸಮತಟ್ಟಿನಲ್ಲಿ ಹೊರಳಿಸಿಕೊಂಡು ಹಿಂಬದಿಯನ್ನು ಏರಿಗೆ ಕೊಡುತ್ತಾನೆ. ಈಗ ಎಂಜಿನ್ನು ಇಳಿಜಾರಿನ ಕಡೆ, ಭಾರವೆಲ್ಲ ಎಳೆಯುವ ಚಕ್ರದ ಮೇಲೆ. ಟೆಂಪೊದವನು ಮುಂದಿನ ಟೈರಿನ ಅಡಿಗೆ ಎರಡು ಗೋಣಿಚೀಲ ತೂರಿಸಿ ಪಕ್ಕಕ್ಕೆ ಸರಿದು ಕೈ ಬೀಸುತ್ತಾನೆ. ಚಕ್ರ ಒಮ್ಮೆ ಜಾರಿ, ಗೋಣಿಯನ್ನು ಕಚ್ಚಿ, ಕಾರು ಹಿಮ್ಮುಖವಾಗಿ ರಸ್ತೆಗೆ ಏರಿ ನಿಲ್ಲುತ್ತದೆ. ಕಾರಿನವನು ಪರ್ಸು ತೆಗೆಯುವಷ್ಟರಲ್ಲಿ ಇವನು ಕೆಸರು ಮೆತ್ತಿದ ಗೋಣಿಗಳನ್ನು ಕೊಡವುತ್ತಾ, ಇನ್ನೊಂದು ಟೀ ಹೇಳಿ, ಅದರ ದುಡ್ಡು ಮಾತ್ರ ಅವರು ಕೊಡಲಿ ಎಂದು ಅಂಗಡಿಯವನಿಗೆ ಕಾರಿನ ಕಡೆ ಬೆರಳು ತೋರಿಸುತ್ತಾನೆ.